ಮೊದಲ ಉಸಿರು

ಗಾಜಿನ ಕಾರ್ಖಾನೆಯ ಮೇಸ್ತ್ರಿ ಮರಳು ಕೊಳ್ಳಲೆಂದು ಪರವೂರಿಗೆ ಹೋದವನು ಅಲ್ಲಿ ಕೆಮ್ಮುವವರ ನಡುವೆ ನಾಲ್ಕು ದಿನ ಕಳೆದು ಬಸ್ಸಿನಲ್ಲಿ ವಾಪಸಾದ. ಬಸ್ಸಿಳಿಯುವಾಗಲೇ ಮೈ ಸುಡುತ್ತಿದ್ದುದರಿಂದ ನೇರ ಆಸ್ಪತ್ರೆಗೇ ಹೋದ. ಹಂದಿಜ್ವರ ಎಂದು ವೈದ್ಯೆ ಹೇಳಿದಾಗ ಅವನಿಗೆ ಸಿಟ್ಟು ನೆತ್ತಿಗೇರಿತು. ಹಂದಿಯ ಮುಖ ನೋಡಿ ಎಷ್ಟು ಕಾಲವಾಯಿತು, ತನಗೆಲ್ಲಿಂದ ಅಂಟಿತು ಎಂದು ಜಗಳಕ್ಕೇ ನಿಂತ. ಹೆಸರಷ್ಟೇ ಹಂದಿಯದು, ಈಗ ಹರಡುತ್ತಿರುವುದು ಮನುಷ್ಯರಿಂದ ಮನುಷ್ಯರಿಗೆ, ಕೆಮ್ಮಿದಾಗ ಸೀನಿದಾಗ ಹಾರುವ ಹನಿಗಳಿಂದ, ಅವು ಮೆತ್ತಿದ ಕೈಯಿಂದ ಎಂದು ವೈದ್ಯೆ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಮನೆಯಲ್ಲಿ ಒಂದೇ ಕೋಣೆಯಲ್ಲಿರಿ, ಜ್ವರದ ಮಾತ್ರೆಯ ನೆರವಿಲ್ಲದೆ ಇಡೀ ಒಂದು ದಿನ ಜ್ವರ ಬಾರದಿದ್ದರೆ ಮಾತ್ರ ಕೋಣೆಯಿಂದ ಹೊರಗೆ ಬನ್ನಿ ಎಂದಳು.

ಆದರೆ ಮರುದಿನ ಮಗಳು ಊದುಗಾರಳಾಗಬೇಕಿತ್ತು.

ಆ ಕಾರ್ಖಾನೆಯ ಪದ್ಧತಿಯೇ ಬೇರೆ. ಹೊಸಬರು ಊದುಗಾರರಾಗುವ ದಿನ ಮೇಸ್ತ್ರಿ ಕುಲುಮೆಯಿಂದ ಕರಗಿದ ಗಾಜನ್ನು ಊದುಗೊಳವೆಯ ತುದಿಗೆ ಸುತ್ತಿಕೊಂಡು, ಮೊದಲ ಉಸಿರು ತಾನೇ ಊದಿ, ಬಾಯಿಂದ ತೆಗೆದ ಕೊಳವೆಯನ್ನು ಹಾಗೆಯೇ ಅವರ ಬಾಯಿಗೆ ಕೊಡುತ್ತಿದ್ದ. ಅದನ್ನು ಪಡೆಯದವರು ಎಂಥ ಕೈಚಳಕದವರಾದರೂ ಗಾಜು ಒರೆಸಿಕೊಂಡೇ ಇರಬೇಕು. ಹೆಣ್ಣುಮಕ್ಕಳು ಯಾರೂ ಅದುವರೆಗೆ ಪಡೆದಿರಲಿಲ್ಲ. ಈ ಹುಡುಗಿಗೆ ಕೆಲಸಗಾರರು ಹೂಂ ಅಂದಿದ್ದೇ ಹೆಚ್ಚು; ದಿನ ತಪ್ಪಿದರೆ ಇನ್ನೊಮ್ಮೆ ಅನ್ನುತ್ತಾರೆಂಬ ನೆಚ್ಚಿಕೆ ಇರಲಿಲ್ಲ.

ಸಂಜೆ ಮಗಳು ಮಾಸ್ಕ್ ಹಾಕಿಕೊಂಡು ಬಂದು ಊಟದ ತಟ್ಟೆಯನ್ನು ಬಾಗಿಲಾಚೆ ಇಟ್ಟು ದೂರ ನಿಂತಳು. ಮೇಸ್ತ್ರಿ ಒಳಗಿನಿಂದಲೇ ಪುಸಲಾಯಿಸತೊಡಗಿದ. ಅಷ್ಟು ದೊಡ್ಡ ಕುಲುಮೆಯ ಮುಂದೆ ಯಾವ ರೋಗಾಣು ಬದುಕುತ್ತದೆ, ಒಂದೇ ಒಂದು ಉಸಿರು ಊದಿ ಬಂದುಬಿಡುತ್ತೇನೆ ಎಂದ.

"ಬೆಂಕಿ ಇರೋದು ಆ ತುದೀಲಿ ಅಪ್ಪ. ನಾವು ಬಾಯಿ ಇಡೋದು ಈ ತುದೀಲಿ."

ಜನ್ಮವಿಡೀ ಕೊಳವೆ ಊದಿದವನು ಮಾತು ಬದಲಿಸಿದ.

"ನಿನ್ನ ದಿನ ಹೋಗುತ್ತಲ್ಲೇ ಮಗಳೇ," ಎಂದ.

ಹಿರಿಯ ಊದುಗಾರ ಉರಿಗಣ್ಣನ ಸೊಸೆ ತುಂಬು ಬಸುರಿ, ಅಲ್ಲೇ ಗಾಜು ಒರೆಸುವವಳು. ಬಸುರಿಯರಿಗೆ ಈ ಜ್ವರ ಜೀವಕ್ಕೇ ಕುತ್ತಾಗಬಹುದು ಎಂದು ವೈದ್ಯೆ ಎಚ್ಚರಿಸಿದ್ದಳು. ಮಗಳು ಅದನ್ನು ನೆನಪಿಸಿದಳು.

"ಅವಳಿಗೇನಾದ್ರೂ ಆದ್ರೆ ಆ ಕೊಳವೆ ಮತ್ತೆ ಮುಟ್ಟೋಕಾಗಲ್ಲ ನಂಗೆ. ದಿನ ಹೋದ್ರೆ ಹೋಗ್ಲಿ."

ಮರುದಿನ ಮೇಸ್ತ್ರಿ ಕೋಣೆಯ ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತ. ಅಂಗಳದಾಚೆ ಕಾರ್ಖಾನೆಯ ಅಗಲ ಬಾಗಿಲು ತೆರೆದಿತ್ತು. ಎಲ್ಲರೂ ಕೈಕಟ್ಟಿ ನಿಂತಿದ್ದರು; ಮೇಸ್ತ್ರಿ ನಿಲ್ಲುವ ಜಾಗದಲ್ಲಿ ಉರಿಗಣ್ಣ. ಮಗಳು ಸೋಪು ಹಚ್ಚಿ ಕೈ ತೊಳೆದು, ಯಾರೂ ಬಾಯಿಡದ ಹೊಸ ಕೊಳವೆ ತೆಗೆದುಕೊಂಡು, ಯಾರನ್ನೂ ಕೇಳದೆ ಕುಲುಮೆಯೊಳಗೆ ತೂರಿಸಿದಳು. ಗಾಜು ಸುತ್ತಿದಳು. ಊದಿದಳು. ಕೆಂಪನೆಯ ಮುದ್ದೆ ಉಬ್ಬತೊಡಗಿದಾಗ ಇತ್ತ ಮೇಸ್ತ್ರಿಯ ಖಾಲಿ ಕೈಗಳೂ ಕೊಳವೆ ತಿರುಗಿಸುತ್ತಿದ್ದವು. ದೀಪದ ಗೋಲ ತೆಳ್ಳಗೆ, ದುಂಡಗೆ, ಒಂದು ಗುಳ್ಳೆಯೂ ಇಲ್ಲದೆ ಹೊರಬಂತು.

ಉರಿಗಣ್ಣ ಅದನ್ನು ಸುತ್ತಲೂ ನೋಡಿದ. ಕೊಂಕು ಹುಡುಕಿ ಸಿಗದೆ, ಕೆಲಸವೇನೋ ಚೆನ್ನಾಗಿದೆ, ಮೇಸ್ತ್ರಿಯ ಉಸಿರಿಲ್ಲದ್ದು ಲೆಕ್ಕಕ್ಕಿಲ್ಲ ಎಂದುಬಿಟ್ಟ. ಹುಡುಗಿಯ ಮುಖ ಬಾಡಿತು.

ಮೇಸ್ತ್ರಿ ಮಾಸ್ಕ್ ಸರಿಮಾಡಿಕೊಂಡು ಕಿಟಕಿಯಲ್ಲಿ ಎದ್ದು ನಿಂತ. ಗಂಟಲು ಹರಿದುಹೋಗಿತ್ತು, ಆದರೂ ಮಾತು ಅಂಗಳ ದಾಟಿತು.

"ಉರಿಗಣ್ಣ, ನಂಗೂ ನಿಂಗೂ ಮೊದಲ ಉಸಿರು ನಮ್ಮಪ್ಪ ಊದಿಕೊಟ್ಟ. ಅಲ್ಲಿಂದ ಮುಂದೆ ನಾವು ಊದಿದ್ವಿ. ಯಾರ ಉಸಿರೂ ಇಲ್ಲದೆ ಶುರು ಮಾಡಿದೋಳು ನಮ್ಮಲ್ಲಿ ಇವಳೊಬ್ಬಳೇ. ಯಾರು ಲೆಕ್ಕಕ್ಕಿಲ್ಲ, ನೀನೇ ಹೇಳು."

ಅಷ್ಟಕ್ಕೇ ಕೆಮ್ಮು ಒತ್ತರಿಸಿ ಬಂತು. ಮೊಣಕೈ ಮಡಚಿ ಅದರೊಳಗೆ ಕೆಮ್ಮಿದ. ಹೆಮ್ಮೆಯಿಂದ ಕಣ್ಣು ತುಂಬಿತ್ತು. ತಪ್ಪೆಲ್ಲ ಜ್ವರದ ತಲೆಗೆ ಕಟ್ಟಿದ.

ಮತ್ತೆ ತಲೆಯೆತ್ತಿದಾಗ, ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಸೊಸೆಯ ತುಂಬಿದ ಹೊಟ್ಟೆಯನ್ನೇ ಉರಿಗಣ್ಣ ನೋಡುತ್ತಿದ್ದ. ಆಮೇಲೆ ಮೇಸ್ತ್ರಿ ನಿಲ್ಲುವ ಜಾಗದಿಂದ ಪಕ್ಕಕ್ಕೆ ಸರಿದು, ಹುಡುಗಿಗೆ ದಾರಿ ಬಿಟ್ಟ.