ಉಪ್ಪುಗಿಡದ ಮೊಳಕೆ

ಮೂರು ಸಲ ಬಿತ್ತಿದರೂ ಒಂದು ಬೀಜವೂ ಮೊಳೆಯಲಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ತೇಜಶ್ರೀಗೆ ಅದು ನಾಚಿಕೆಯ ವಿಷಯವೇ ಆಗಿತ್ತು. ಬೇರೆ ಗಿಡಗಳು ಸಾಯುವ ಉಪ್ಪುನೆಲದಲ್ಲಿ ಬೆಳೆಯುವ ಈ ಮರುಭೂಮಿಯ ಪೊದೆಯನ್ನು ತರಗತಿಗೆ ಜೀವಂತವಾಗಿ ತಂದು ತೋರಿಸುತ್ತೇನೆಂದು ಮಾತು ಕೊಟ್ಟಿದ್ದಳು. ಕಛ್‌ನಿಂದ ಗೆಳತಿ ಕಳಿಸಿದ್ದ ಬೀಜಗಳಲ್ಲಿ ಈಗ ಉಳಿದದ್ದು ಒಂದು ಹಿಡಿ.

"ಮರಳು ಬೆರೆಸ್ದೆ, ಮಣ್ಣಿಗೆ ಉಪ್ಪೂ ಹಾಕ್ದೆ. ಇನ್ನೇನು ಬೇಕಂತೆ ಇದಕ್ಕೆ?" ಎನ್ನುತ್ತ ಪೊಟ್ಟಣವನ್ನು ಅಡುಗೆಕಟ್ಟೆಯ ಮೇಲಿಟ್ಟಳು.

ಉಪ್ಪಿನಲ್ಲಿಟ್ಟಿದ್ದ ಮಾವಿನಕಾಯಿಯನ್ನು ಉಪ್ಪು ಇಳಿಯಲೆಂದು ನೀರಿಗೆ ಹಾಕುತ್ತಿದ್ದ ಅತ್ತೆ ಮುನಿಲಕ್ಷ್ಮಮ್ಮ ಕೈಯೊರೆಸಿಕೊಂಡು ಒಂದು ಬೀಜ ಎತ್ತಿಕೊಂಡರು. ಅದರ ಸುತ್ತಲಿನ ಕಾಗದದಂಥ ಸಿಪ್ಪೆಯನ್ನು ನಾಲಿಗೆಗೆ ಮುಟ್ಟಿಸಿದರು.

"ಸಿಪ್ಪೆ ತುಂಬಾ ಉಪ್ಪೇ ಇದೆಯಲ್ಲೇ. ನೀರಲ್ಲಿ ನೆನೆಸಿ ಇಳಿಸ್ಬೇಕಲ್ವಾ?"

ತೇಜಶ್ರೀ ಪೊಟ್ಟಣವನ್ನು ಮತ್ತೆ ಕೈಗೆತ್ತಿಕೊಂಡಳು. ಬೆಳೆದ ಗಿಡದ ಬಗ್ಗೆಯೇ ಯೋಚಿಸುತ್ತ ಅವಳು ಬೀಜವನ್ನು ಮರೆತಿದ್ದಳು. ಮರುಭೂಮಿಯಲ್ಲಿ ಒಳ್ಳೆಯ ಮಳೆ ಬಂದು ಆ ಉಪ್ಪನ್ನು ತೊಳೆಯುವವರೆಗೆ ಬೀಜ ಕಾಯುತ್ತದೆ. ಆಮೇಲೆಯೇ ಮೊಳಕೆಗೆ ಸಾಕಾಗುವಷ್ಟು ನೀರು ಮಣ್ಣಿನಲ್ಲಿರುತ್ತದೆ. ತಾನು ಮಳೆ ಕೊಡುವ ಬದಲು ಮತ್ತಷ್ಟು ಉಪ್ಪು ಕೊಟ್ಟಿದ್ದಳು.

ಎರಡು ದಿನ ಇಬ್ಬರೂ ಬೀಜ ನೆನೆಸಿದ ನೀರು ಬದಲಾಯಿಸಿದ್ದೇ ಬದಲಾಯಿಸಿದ್ದು. ಮೂರನೆಯ ದಿನ ತಾರಸಿಯ ಕುಂಡದಲ್ಲಿ ಸಾದಾ ಮಣ್ಣು ತುಂಬಿ ಬಿತ್ತಿದರು. ಒಂದು ವಾರ ಕಳೆದು, ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದ ಮುನಿಲಕ್ಷ್ಮಮ್ಮ ತಾರಸಿಯಿಂದಲೇ ಕೂಗಿದರು. "ತೇಜೂ, ಬೇಗ ಬಾ. ಹನ್ನೊಂದು ಬಂದಿವೆ." ತೇಜಶ್ರೀ ಬಾಚಣಿಗೆ ತಲೆಯಲ್ಲೇ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಕುಂಡದ ಮುಂದೆ ಮಂಡಿಯೂರಿ ತಾನೂ ಎಣಿಸಿದಳು. ಹನ್ನೆರಡಿದ್ದವು.

ಎಲೆಗಳು ಬಲಿತ ಮೇಲೆ ಉಪ್ಪುನೀರು ಕೊಟ್ಟಳು. ಒಂದು ಗಿಡವೂ ಬಾಡಲಿಲ್ಲ. ಎಲೆಗಳು ಬೆಳ್ಳಿಯ ಪುಡಿ ಬಳಿದಂತೆ ಬೂದುಬಣ್ಣಕ್ಕೆ ತಿರುಗಿದವು. ಕಾಲೇಜಿನಿಂದ ಸೂಕ್ಷ್ಮದರ್ಶಕ ತಂದು ಊಟದ ಮೇಜಿನ ಮೇಲಿಟ್ಟು, ಅದರಡಿ ಒಂದು ಎಲೆ ಇರಿಸಿ, ಮೊದಲು ಅತ್ತೆಯನ್ನೇ ಕೂರಿಸಿದಳು.

"ಬೆಂದ ಸಬ್ಬಕ್ಕಿ ಚೆಲ್ದಂಗಿದೆ," ಎಂದರು ಮುನಿಲಕ್ಷ್ಮಮ್ಮ, ಕಣ್ಣು ತೆಗೆಯದೆ.

"ಒಂದೊಂದೂ ಚೀಲ, ಅತ್ತೆ. ಬೇರು ಎಳ್ಕೊಂಡ ಉಪ್ಪನ್ನ ಎಲೆ ಅದರೊಳಗೆ ತುಂಬಿಡತ್ತೆ. ತುಂಬಿದ್ದು ಒಡೆದು ಪುಡಿಯಾಗಿ ಉದುರತ್ತೆ. ಆ ಬೂದು ಪುಡಿಯ ಕೆಳಗೆ ಎಲೆ ಮಾತ್ರ ಹಸಿರಾಗೇ ಇರತ್ತೆ."

ಸೋಮವಾರ ಇಬ್ಬರೂ ಆಟೋದಲ್ಲಿ ಕುಂಡ ಹಿಡಿದು ವಿಶ್ವೇಶ್ವರಪುರಂ ಕಾಲೇಜಿಗೆ ಹೋದರು. ವಿದ್ಯಾರ್ಥಿಗಳು ಸೂಕ್ಷ್ಮದರ್ಶಕಕ್ಕೆ ಮುಗಿಬಿದ್ದರು. ಬೀಜ ಮೊಳೆಸಿದ್ದು ಹೇಗೆಂದು ಒಬ್ಬಳು ಕೇಳಿದಾಗ ತೇಜಶ್ರೀ ಬೋರ್ಡಿನ ಮುಂದಿನಿಂದ ಸರಿದು, ಸೀಮೆಸುಣ್ಣವನ್ನು ಅತ್ತೆಯ ಕೈಗೆ ಕೊಟ್ಟಳು.