ನಾಲ್ಕನೆಯ ಕಂಬ

ಕಂಬದ ತೂತಿಗೂ ತೊಲೆಯ ತೂತಿಗೂ ಒಂದು ನಾಣ್ಯದ ದಪ್ಪದಷ್ಟು ವ್ಯತ್ಯಾಸವಿತ್ತು. ಅದು ತಪ್ಪಿನಿಂದ ಆದದ್ದಲ್ಲ. ಮೇಸ್ತ್ರಿಯ ಮಗಳು ಮೂರು ದಿನ ಉಳಿ ಹಿಡಿದು ಬೇಕೆಂದೇ ಇಟ್ಟದ್ದು. ತೊಲೆಯ ತುದಿಯಲ್ಲಿ ಕೆತ್ತಿದ ನಾಲಿಗೆಯನ್ನು ಕಂಬದ ಗೂಡಿನೊಳಗೆ ತೂರಿಸಿ, ಒಂದಕ್ಕೊಂದು ನೇರವಾಗಿ ಎದುರಾಗದ ಆ ಎರಡು ತೂತುಗಳ ಮೂಲಕ ಗಟ್ಟಿಮರದ ಗೂಟವನ್ನು ಹೊಡೆದರೆ, ಗೂಟವು ತನ್ನ ದಾರಿ ತಾನು ಮಾಡಿಕೊಳ್ಳುವ ಭರದಲ್ಲಿ ತೊಲೆಯನ್ನು ಕಂಬದತ್ತ ಎಳೆದುಕೊಳ್ಳುತ್ತದೆ. ಎಳೆದುಕೊಂಡದ್ದನ್ನು ಮತ್ತೆ ಬಿಡುವುದಿಲ್ಲ. ಮೊಳೆ ಬೇಡ, ತಿರುಪು ಬೇಡ.

ಕಬ್ಬಿಣ ಕೂಡದೆಂದು ಹಟ ಹಿಡಿದವರು ಮನೆಯೊಡತಿ. ಹುಡುಗಿಯರ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿದ್ದ ಅವರನ್ನು ಬೀದಿಯೆಲ್ಲ ಹೆಡ್‌ಮಿಸ್ ಎಂದೇ ಕರೆಯುತ್ತಿತ್ತು. ಹಿತ್ತಲ ಕೊಳದಲ್ಲಿ ನಲವತ್ತೊಂದು ಕೆಂಪು ಮೀನುಗಳನ್ನು ಸಾಕಿ, ದಿನಾ ಬೆಳಗ್ಗೆ ದಡದಲ್ಲಿ ಊರುಗೋಲು ಊರಿ ನಿಂತು ಅವುಗಳ ಹಾಜರಿ ತೆಗೆದುಕೊಳ್ಳುತ್ತಿದ್ದರು. ಬಿಸಿಲಿಗೆ ಮೀನುಗಳು ಬಸವಳಿಯುತ್ತವೆ, ಕೊಳದ ಮೇಲೊಂದು ಮರದ ಪರ್ಗೋಲಾ ಬೇಕು, ನೀರಿಗೆ ತುಕ್ಕು ತೊಟ್ಟಿಕ್ಕಬಾರದು ಎಂಬುದು ಅವರ ಅಪ್ಪಣೆ. ಮೇಸ್ತ್ರಿ ಅದನ್ನು ಚಪ್ಪರ ಎಂದ. ಪರ್ಗೋಲಾ ಎಂದು ಅವರು ತಿದ್ದಿದರು. ಮೇಸ್ತ್ರಿಗೆ ಕೇಳಿಸಲಿಲ್ಲ. ನಲವತ್ತು ವರ್ಷ ಮರ ಕೊಯ್ಯುವ ಯಂತ್ರದ ಪಕ್ಕ ನಿಂತು ಅವನ ಎರಡು ಕಿವಿಗಳೂ ಕೈಕೊಟ್ಟಿದ್ದವು.

ತೊಡೆಮಟ್ಟದ ನೀರಿನ ನಾಲ್ಕು ಮೂಲೆಗಳಲ್ಲಿ, ದಡಕ್ಕೆ ಒತ್ತಿದಂತೆ, ನಾಲ್ಕು ಕಂಬಗಳು ನಿಂತಿದ್ದವು. ಅವುಗಳನ್ನು ಜೋಡಿಸುವ ಎರಡು ಭಾರಿ ತೊಲೆಗಳು. ಮೂರು ಕಂಬಗಳ ಗೂಟಗಳನ್ನು ಅಪ್ಪ ಮಗಳು ಸೇರಿ ಹೊಡೆದು ಮುಗಿಸಿದರು. ಮೇಲೆ ಅಡ್ಡಲಾಗಿ ಹಾಸಬೇಕಾದ ರೀಪುಗಳಿಗೆ ಕೀಸುಳಿ ಹಾಕಲು ಮೇಸ್ತ್ರಿ ಮನೆಯ ಪಕ್ಕದ ಶೆಡ್ಡಿಗೆ ಹೋದ. ನಾಲ್ಕನೆಯ ಕಂಬದ ಬಳಿ ಉಳಿದವರು ಅವನ ಮಗಳು ಮತ್ತು ಅಳಿಯ.

ಅಳಿಯ ಸೆಂಟ್ರಿಂಗ್ ಕೆಲಸದಿಂದ ಬಂದವನು. ಹಲಗೆ ಬಡಿ, ಮೊಳೆ ಹೊಡೆ, ಕಾಂಕ್ರೀಟು ಗಟ್ಟಿಯಾದ ಮೇಲೆ ಕಿತ್ತು ಎಸೆ: ಮರದ ವಿಷಯದಲ್ಲಿ ಅವನ ವಿದ್ಯೆ ಅಷ್ಟರಲ್ಲೇ ಮುಗಿಯುತ್ತಿತ್ತು. ಏಣಿಯ ಮೇಲೆ ನಿಂತು ತೂತಿನೊಳಗೆ ಇಣುಕಿದವನು ನಕ್ಕ.

"ಏನೇ ಇದು? ಒಂದು ತೂತು ಇಲ್ಲಿದೆ, ಇನ್ನೊಂದು ಪಕ್ಕದೂರಲ್ಲಿದೆ."

"ಅದು ಹಾಗೇ ಇರ್ಬೇಕು ರೀ. ಆಗ್ಲೇ ಗೂಟ ಎಳ್ಕೊಳ್ಳೋದು."

"ಕುಣಿಯಲಾರದವಳಿಗೆ ನೆಲ ಡೊಂಕಂತೆ. ತಪ್ಪು ಮಾಡಿ ಅದಕ್ಕೊಂದು ಶಾಸ್ತ್ರ ಬೇರೆ ಹೇಳ್ತಾಳೆ. ಡ್ರಿಲ್ ಕೊಡು."

"ಅಪ್ಪನ್ನ ಒಂದು ಮಾತು ಕೇಳಿ. ಮತ್ತೆ ಕೊರೆದ್ರೆ ತುದೀಲಿ ಮರಾನೇ ಉಳಿಯಲ್ಲ."

ಅವನೇ ಕೆಳಗಿಳಿದು ಡ್ರಿಲ್ಲಿಗೆ ಇದ್ದುದರಲ್ಲೇ ದಪ್ಪನೆಯ ಮೊನೆಯನ್ನು ಸಿಕ್ಕಿಸಿದ. ಅವಳು ಅದರ ವೈರಿನ ಮೇಲೆ ಕೈಯಿಟ್ಟಳು. ಅಷ್ಟೇ. ಅವನ ಹಿಂಗೈ ಅವಳ ಬಾಯಿಯ ಮೇಲೆ ಅಪ್ಪಳಿಸಿತು. ಅವಳು ದಡದಿಂದ ಕೊಳಕ್ಕೆ ಮುಗ್ಗರಿಸಿ ಮೊಣಕಾಲೂರಿದಳು. ತುಟಿಯಿಂದ ಇಳಿದ ರಕ್ತದ ಹನಿಗಳನ್ನು ಕೆಂಪು ಮೀನೊಂದು ತಿನ್ನುವ ಪದಾರ್ಥವೆಂದು ಬಗೆದು ಮೂಸಿ ನೋಡಿ ಹೋಯಿತು.

ಕಿಟಕಿಯಿಂದ ಹೆಡ್‌ಮಿಸ್ಸಿನ ಧ್ವನಿ ಬಂತು. "ಏನದು ಗಲಾಟೆ? ನಿಮ್ಮ ಜಗಳ ನಿಮ್ಮ ಮನೇಲಿ ಇಟ್ಕೊಳ್ಳಿ. ಮೀನುಗಳು ಹೆದರ್ತಾವೆ."

"ಏನಿಲ್ಲ ಮಿಸ್, ಕಾಲು ಜಾರಿದ್ಲು," ಎಂದ ಅಳಿಯ, ಬಹಳ ವಿನಯದಿಂದ.

ಅವನು ನೇರವಾಗಿ ಕೊರೆದ. ಗೂಟ ಎರಡು ಪೆಟ್ಟಿಗೆ ಸಲೀಸಾಗಿ ಒಳಹೋಯಿತು. "ನೋಡು, ಬೆಣ್ಣೆ ಥರ ಹೋಯ್ತು. ನೀನೂ ನಿಮ್ಮಪ್ಪನೂ ಒಂದೊಂದಕ್ಕೆ ಅರ್ಧ ಗಂಟೆ ಹೆಣಗಾಡಿದ್ರಲ್ಲ." ಉಳಿದ ಮೂರು ಗೂಟಗಳು ಒಳಹೋಗುವಾಗ ಕಿರುಗುಟ್ಟಿ ಇಡೀ ಹಿತ್ತಲನ್ನೇ ಎಬ್ಬಿಸಿದ್ದವು. ಇದು ಸದ್ದೇ ಮಾಡಲಿಲ್ಲ.

ತೊಲೆಯ ನಾಲಿಗೆಯ ತುದಿಯಲ್ಲಿ ಈಗ ಉಳಿದಿರುವುದು ಕಿರುಬೆರಳಿನ ದಪ್ಪದ ಮರ. ಮೇಲೆ ಭಾರ ಬಿದ್ದು, ಪೆಟ್ಟಿನ ಮೇಲೆ ಪೆಟ್ಟು ಬಿದ್ದು, ಕಂಬ ಹೊರಕ್ಕೆ ವಾಲಿದಂತೆಲ್ಲ ಆ ಮರ ಸೀಳುತ್ತದೆ. ತೊಲೆ ತನ್ನ ಮೇಲೆ ಕುಳಿತವನನ್ನೂ ಕರೆದುಕೊಂಡು ಕೆಳಗೆ ಬರುತ್ತದೆ. ಕೆಳಗೆ ಇರುವುದು ಬರೀ ನೀರಲ್ಲ, ಕಂಬ ಹೂತ ಸಿಮೆಂಟಿನ ಪೀಠಗಳ ಚೂಪು ಅಂಚುಗಳು. ಇದು ಅವಳಿಗೆ ಗೊತ್ತಿತ್ತು. ಅವಳೊಬ್ಬಳಿಗೇ ಗೊತ್ತಿತ್ತು.

ಅಳಿಯ ತೊಲೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು, "ರೀಪು ಕೊಡೇ," ಎಂದ.

ಅವಳು ಕೊಟ್ಟಳು. ರೀಪನ್ನು ಮೇಲಕ್ಕೆತ್ತುವಾಗ ಎಡಗೈಯ ಉಂಗುರದ ಬೆರಳು ಎಂದಿನಂತೆ ಮಡಚಲಿಲ್ಲ. ಎರಡು ತಿಂಗಳ ಹಿಂದೆ, ಮರದ ವ್ಯಾಪಾರಿಯ ಮಾತಿಗೆ ನಕ್ಕಳೆಂಬ ಕಾರಣಕ್ಕೆ, ಅಳಿಯ ಆ ಬೆರಳನ್ನು ಮೇಜಿನ, ಮರ ಕಚ್ಚಿ ಹಿಡಿಯುವ ವೈಸಿನಲ್ಲಿಟ್ಟು ಹಿಡಿಯನ್ನು ನಿಧಾನವಾಗಿ ತಿರುಗಿಸಿದ್ದ. ಮೂಳೆ ಲಟಕ್ಕೆಂದ ಮೇಲೂ ಅರ್ಧ ಸುತ್ತು ಹೆಚ್ಚಿಗೆ ತಿರುಗಿಸಿ, "ಈಗ ನಗು," ಎಂದಿದ್ದ. ಕೈ ಜಾರಿತು ಎಂದು ಅವಳು ಅಪ್ಪನಿಗೆ ಸನ್ನೆ ಮಾಡಿ ತೋರಿಸಿದಳು. ಅಪ್ಪ ನಂಬಿದನೋ, ನಂಬುವುದೇ ಸುಖವೆಂದುಕೊಂಡನೋ. ಹಿಂದೊಮ್ಮೆ ಅವಳ ಕೆನ್ನೆಯ ಮೇಲಿನ ಬಾಸುಂಡೆಯನ್ನು ಕಂಡಾಗಲೂ ಅವನು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಪುಟ್ಟಿ," ಎಂದು ಕಿವುಡರ ದೊಡ್ಡ ಗಂಟಲಿನಲ್ಲಿ ಹೇಳಿ ಮುಖ ತಿರುಗಿಸಿದ್ದ.

ಎರಡನೆಯ ರೀಪಿಗೆ ಕಂಬಕ್ಕೂ ತೊಲೆಗೂ ನಡುವೆ ಕೂದಲೆಳೆಯಷ್ಟು ಬಿರುಕು ಕಂಡಿತು. ಮೂರನೆಯದಕ್ಕೆ ಉಗುರಿನಷ್ಟಾಯಿತು. ಅಳಿಯ ಸಿಳ್ಳೆ ಹಾಕುತ್ತ ರೀಪನ್ನು ತೊಲೆಯಲ್ಲಿ ಕೆತ್ತಿದ ಕಚ್ಚಿಗೆ ಮರದ ಕೊಡತಿಯಿಂದ ಬಡಿಯುತ್ತಿದ್ದ. ಒಂದು ಸಲ ಹೇಳಿದ್ದಾಗಿತ್ತು, ಅದಕ್ಕೆ ಬಾಯಿ ಒಡೆದಿತ್ತು. ಎರಡನೆಯ ಸಲವೂ ಹೇಳಲೇಬೇಕೆಂಬ ಕಾನೂನು ಎಲ್ಲಿಯೂ ಇಲ್ಲವೆಂದು ಅವಳು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಇನ್ನು ಎರಡು ರೀಪು. ಹೆಚ್ಚೆಂದರೆ ಮೂರು.

"ಮುಗಿದ್ವು. ಇನ್ನೆರಡು ತಗೊಂಡು ಬಾ, ಬೇಗ," ಎಂದ ಅವನು.

ಶೆಡ್ಡಿನಲ್ಲಿ ಅಪ್ಪ ಇರಲಿಲ್ಲ. ಕೀಸುಳಿ ಮಗ್ಗುಲಾಗಿ ಬಿದ್ದಿತ್ತು, ನೆಲದ ತುಂಬ ಮರದ ಸುರುಳಿಗಳು. ಅವಳು ಎರಡು ರೀಪುಗಳನ್ನು ಹೆಗಲ ಮೇಲಿಟ್ಟುಕೊಂಡು ಮನೆಯ ಮೂಲೆ ತಿರುಗಿದಳು. ಅಳಿಯ ಗೇಟಿನ ಬಳಿ ಫೋನು ಕಿವಿಗಿಟ್ಟುಕೊಂಡು ಯಾರೊಂದಿಗೋ ನಗುತ್ತಿದ್ದ. ತೊಲೆಯ ಮೇಲೆ, ಅವನು ಕುಳಿತಿದ್ದ ಜಾಗದಲ್ಲೇ, ಮೇಸ್ತ್ರಿ ಕುಳಿತಿದ್ದ. ಅಳಿಯ ಹೊಡೆದ ಮೂರನೆಯ ರೀಪು ಸೊಟ್ಟಗಿರುವುದನ್ನು ಕಂಡು ಅದನ್ನು ಸರಿಪಡಿಸಲು ಹತ್ತಿದ್ದ. ಬಿರುಕು ಈಗ ಬೆರಳು ತೂರುವಷ್ಟಾಗಿತ್ತು.

"ಅಪ್ಪ!"

ಕಿವುಡ ಕೊಡತಿಯನ್ನೆತ್ತಿ ಒಂದು ಪೆಟ್ಟು ಹಾಕಿದ. ಕಂಬ ನಡುಗಿ ಹೊರಕ್ಕೆ ಸರಿಯಿತು.

ರೀಪುಗಳನ್ನು ಎಸೆದು ಓಡಿದ ಅವಳು ದಡದಿಂದಲೇ ಕಂಬಕ್ಕೆ ಹೆಗಲು ಕೊಟ್ಟು, ಕಾಲುಗಳನ್ನು ಮಣ್ಣಿನಲ್ಲಿ ಊರಿ, ಒಳಕ್ಕೆ ನೂಕಿದಳು. ಬಿರುಕು ಅರ್ಧ ಮುಚ್ಚಿತು. ಮೇಲೆ ಇನ್ನೊಂದು ಪೆಟ್ಟು ಬಿತ್ತು. ಅದರ ಕಂಪನ ಅವಳ ಹಲ್ಲಿನವರೆಗೂ ಬಂತು. ಅವಳು ಬಿಡಲಿಲ್ಲ. ಬಿಡುವ ಹಾಗಿರಲಿಲ್ಲ.

ಅಳಿಯ ಫೋನನ್ನು ಜೇಬಿಗೆ ಹಾಕುತ್ತ ಬಂದ. "ಏನೇ, ಕಂಬಾನ ತಬ್ಕೊಂಡು ನಿಂತಿದ್ದೀಯ?"

"ಕೀಲು ಬಿಡ್ತಾ ಇದೆ. ಅಪ್ಪನ್ನ ಕೆಳಗಿಳಿಸಿ. ಬೇಗ."

ಅವನು ಬಿರುಕನ್ನು ನೋಡಿದ, ಅವಳ ಹೆಗಲನ್ನು ನೋಡಿದ. ಮರದ ವಿಷಯದಲ್ಲಿ ದಡ್ಡನಾಗಿದ್ದರೂ ಉಳಿದ ವಿಷಯಗಳಲ್ಲಿ ಅವನು ದಡ್ಡನಾಗಿರಲಿಲ್ಲ.

"ನಾನು ಮೇಲಿದ್ದಾಗ ಬಿಡ್ತಾ ಇರ್ಲಿಲ್ವಾ?"

ಅವಳು ಹೆಗಲನ್ನು ಕಂಬಕ್ಕೆ ಇನ್ನಷ್ಟು ಒತ್ತಿದಳು.

"ನಿನ್ನನ್ನೇ ಕೇಳ್ತಿರೋದು."

"ಬಿಡ್ತಾ ಇತ್ತು."

ಅವನು ಕೂಗಾಡಲಿಲ್ಲ. ಹಿಂದಿನಿಂದ ಅವಳ ಕತ್ತಿಗೆ ತೋಳು ಬಿಗಿದು ಕಂಬದಿಂದ ಕಿತ್ತು, ಪಕ್ಕಕ್ಕೆ ತೊಲೆಯ ಕೆಳಗಿನ ನೀರಿನತ್ತ ಎಳೆದ. ಇಬ್ಬರೂ ಒಟ್ಟಿಗೆ ಕೊಳಕ್ಕೆ ಬಿದ್ದರು. ಅವನು ಮೊದಲು ಎದ್ದು, ಅವಳ ಬೆನ್ನಿನ ಮೇಲೆ ಮೊಣಕಾಲೂರಿ, ಎರಡು ಕೈಗಳಿಂದ ಅವಳ ತಲೆಯನ್ನು ತಳಕ್ಕೆ ಒತ್ತಿದ. ಪಾಚಿಗಟ್ಟಿದ ಕಲ್ಲಿಗೆ ಅವಳ ಹಣೆ ಉಜ್ಜಿತು. ಅವಳು ಹಿಂದಕ್ಕೆ ಕೈ ಬೀಸಿದಳು, ಪರಚಿದಳು, ಅವನ ಮಣಿಕಟ್ಟಿನಲ್ಲಿ ಉಗುರು ಮುರಿಯುವವರೆಗೆ ಪರಚಿದಳು. ಕಿವಿಯೊಳಗೆ ಗುಂಯ್‌ಗುಡುವ ನೀರು, ಅದರಾಚೆ ಎಲ್ಲೋ ಅವನ ಗಂಟಲು: "ಕಾಯ್ತಾ ಇದ್ದೆ ಅಲ್ವಾ. ನಾನು ಬೀಳೋದನ್ನೇ ಕಾಯ್ತಾ ಇದ್ದೆ ಅಲ್ವಾ."

ಕೇಳಿಸದಿದ್ದರೂ ಮೇಸ್ತ್ರಿಗೆ ಮರದ ನಡುಕ ತಿಳಿಯುತ್ತಿತ್ತು. ಅವನು ಬಗ್ಗಿ ನೋಡಿದ. ನೀರಿನ ಮೇಲೆ ಹರಡಿ ತೇಲುತ್ತಿದ್ದ ಮಗಳ ಕೂದಲನ್ನೂ ಅದರ ನಡುವೆ ಊರಿದ್ದ ಅಳಿಯನ ಎರಡು ಕೈಗಳನ್ನೂ ಕಂಡ. ಎದ್ದು ನಿಲ್ಲಲು ಹೋದ. ಅದೇ ಕ್ಷಣ ತೊಲೆಯ ನಾಲಿಗೆ ಸೀಳಿತು.

ತೊಲೆಯ ಆಚೆ ತುದಿಯ ಗೂಟ ಬಿಡಲಿಲ್ಲ. ಈಚೆ ತುದಿ ಮಾತ್ರ ಕತ್ತರಿಸಿದಂತೆ ಕೆಳಗೆ ಬಂದು ಅಳಿಯನ ಬೆನ್ನಿಗೆ ಅಪ್ಪಳಿಸಿ, ಅವನನ್ನು ಅವಳ ಮೇಲಿಂದ ಪಕ್ಕಕ್ಕೆ ಅಂಗಾತ ಉರುಳಿಸಿ, ಸೊಂಟದ ಮೇಲೆ ಅಡ್ಡಲಾಗಿ ಕುಳಿತುಕೊಂಡಿತು. ರೀಪುಗಳು ಒಂದರ ಹಿಂದೊಂದು ನೀರಿಗೆ ಬಿದ್ದವು. ಮೇಸ್ತ್ರಿ ಕೊಳದ ನಡುವೆ ಮಗ್ಗುಲಾಗಿ ಬಿದ್ದ.

ಮಗಳು ನೀರು ಕಕ್ಕುತ್ತ ಮೇಲೆದ್ದಳು. ಹಣೆ ಸುಲಿದಿತ್ತು. ಕಣ್ಣಿನ ಮೇಲಿನ ಕೆಂಪನ್ನು ಒರೆಸಿಕೊಂಡು ಅವಳು ಮೊದಲು ಹುಡುಕಿದ್ದು ಅಪ್ಪನನ್ನು. ಅಪ್ಪ ಎದ್ದಿದ್ದ, ನಡೆಯುತ್ತಿದ್ದ. ಅವಳ ಬಳಿಗೆ ಬಂದು, ಗಲ್ಲ ಹಿಡಿದೆತ್ತಿ, ಕುತ್ತಿಗೆಯ ಸುತ್ತ ತೋಳು ಬಿಗಿದ ಗುರುತನ್ನು, ಆಮೇಲೆ ಸೊಟ್ಟಗಾದ ಆ ಬೆರಳನ್ನು, ಹೊಸ ಮರವನ್ನು ಪರೀಕ್ಷಿಸುವವನಂತೆ ನಿಧಾನವಾಗಿ ನೋಡಿದ. ಬಳಿಕ ಅಳಿಯನತ್ತ ತಿರುಗಿದ.

ಅಳಿಯ ಸಿಮೆಂಟಿನ ಪೀಠದ ಮೇಲೆ ಮೊಣಕೈಗಳನ್ನೂರಿ ಹೇಗೋ ಕತ್ತೆತ್ತಿ, ಗಲ್ಲದವರೆಗಿನ ನೀರಿನಿಂದ ಮುಖವನ್ನಷ್ಟೇ ಹೊರಗಿಟ್ಟುಕೊಂಡಿದ್ದ. "ಎತ್ತಿ ಮಾವ. ಕಾಲು ತಿಳೀತಿಲ್ಲ. ಮಾವ, ಎತ್ತಿ."

ಮೇಸ್ತ್ರಿ ಬಗ್ಗಿ ತೊಲೆಯ ಮೇಲೆ ಎರಡು ಕೈಗಳನ್ನೂ ಇಟ್ಟ. ಎತ್ತಲಿಲ್ಲ. ಒತ್ತಿದ.

ಮುಖ ಮುಳುಗಿತು. ಗುಳ್ಳೆಗಳೆದ್ದವು. ಮೇಸ್ತ್ರಿಯ ಮುಖದಲ್ಲಿ ಸಿಟ್ಟೇ ಇರಲಿಲ್ಲ; ಅಂಟು ಹಚ್ಚಿದ ಹಲಗೆಯನ್ನು ಅದುಮಿ ಹಿಡಿದವನ ಸಹನೆಯಿತ್ತು. ಹೊತ್ತು ಎಷ್ಟಾದರೂ ಹಿಡಿಯಬಲ್ಲವನು ಅವನು.

ಒಂದು ಉಸಿರಿನಷ್ಟು ಹೊತ್ತು ಅವಳು ಸುಮ್ಮನೆ ನಿಂತಳು. ಮೊದಲ ರೀಪು ಕೊಟ್ಟಾಗಿನಿಂದ ತಾನು ಬಾಯಿ ಮುಚ್ಚಿಕೊಂಡು ಕಾದದ್ದು ಇದನ್ನೇ. ಆದರೆ ಕೊಲ್ಲುತ್ತಿರುವುದು ತೊಲೆಯಲ್ಲ, ಅಪ್ಪನ ಕೈ. ಇರುವೆ ಕಚ್ಚಿದರೂ ಕೊಡವಿ ಬಿಡುತ್ತಿದ್ದ ಕೈ. ಬೇಡಿ ಬೀಳುವುದೂ ಅದೇ ಕೈಗೆ.

"ಬಿಡಪ್ಪ. ಅಪ್ಪ, ಬಿಡು."

ಅವನಿಗೆ ಕೇಳಿಸುವುದೆಲ್ಲಿ? ಅವಳು ಅವನ ಬೆನ್ನಿಗೆ ಗುದ್ದಿದಳು. ಭುಜ ಹಿಡಿದು ಜಗ್ಗಿದಳು. ಎಪ್ಪತ್ತರ ಮುದುಕ ಬೇರು ಬಿಟ್ಟಂತೆ ನಿಂತಿದ್ದ. ಗುಳ್ಳೆಗಳು ಕಡಿಮೆಯಾದವು. ಅವಳು ಬಗ್ಗಿ ಅಪ್ಪನ ಮಣಿಕಟ್ಟಿಗೆ ಬಾಯಿ ಹಾಕಿ, ಉಪ್ಪುರಕ್ತ ನಾಲಿಗೆಗೆ ತಗಲುವವರೆಗೆ, ಹಲ್ಲು ಮೂಳೆಗೆ ತಾಗುವವರೆಗೆ ಕಚ್ಚಿದಳು. ಮೇಸ್ತ್ರಿ ಚೀರಿ ಕೈ ಕಿತ್ತುಕೊಂಡ. ಬೀಸಿ ಬಂದ ಇನ್ನೊಂದು ಕೈ ಅವಳ ಕಪಾಳಕ್ಕೆ ಬಿತ್ತು. ಹೊಡೆದವನೇ ಬೆಚ್ಚಿದ. ಮಗಳ ಮೇಲೆ ಅವನು ಕೈಯೆತ್ತಿದ್ದು ಅದೇ ಮೊದಲು.

ಅವಳು ತೊಲೆಯ ಕೆಳಗೆ ಹೆಗಲು ಕೊಟ್ಟು, ಅಪ್ಪನನ್ನು ನೋಡಿ, ಗಲ್ಲದಿಂದ ಮೇಲಕ್ಕೆ ಸನ್ನೆ ಮಾಡಿದಳು. ಬಹಳ ಹೊತ್ತೆನಿಸಿತು. ಕೊನೆಗೆ ಅವನು ಬಂದು ಇನ್ನೊಂದು ಮಗ್ಗುಲಿಗೆ ಹೆಗಲಿಟ್ಟ. ತೊಲೆ ಒಂದು ಗೇಣು ಎದ್ದಿತು. ಕಿಟಕಿ ಬಿಟ್ಟು ಬಂದು, ಊರುಗೋಲನ್ನು ಎಸೆದು ಸೀರೆ ಸಮೇತ ನೀರಿಗಿಳಿದಿದ್ದ ಹೆಡ್‌ಮಿಸ್ ಅಳಿಯನ ಕಂಕುಳಿಗೆ ಕೈ ಹಾಕಿ, ಬೈಯುತ್ತ, ಏದುತ್ತ ಅವನನ್ನು ಹೊರಗೆಳೆದರು.

ಆಂಬುಲೆನ್ಸ್ ಬರುವ ಹೊತ್ತಿಗೆ ಅಳಿಯ ಹುಲ್ಲಿನ ಮೇಲೆ ನೀರು ಕಾರಿ ಉಸಿರಾಡುತ್ತಿದ್ದ. ಸೊಂಟದ ಮೂಳೆ ಹೋಗಿತ್ತು. ಅವನು ಅವಳ ಸೆರಗಿನ ತುದಿ ಹಿಡಿದ.

"ನೀನೇ ಕಣೇ ಬದುಕಿಸಿದ್ದು. ನಾನು ನೋಡ್ದೆ. ಎಷ್ಟಾದ್ರೂ ಹೆಂಡ್ತಿ ಹೆಂಡ್ತೀನೇ."

"ನಿನ್ನನ್ನಲ್ಲ," ಎಂದಳು ಅವಳು, ಸೆರಗು ಬಿಡಿಸಿಕೊಂಡು. "ಅಪ್ಪನ್ನ."

ಸ್ಟ್ರೆಚರ್ ಎತ್ತಿದವನು ಕೇಳಿದ. "ಜೊತೆಗೆ ಯಾರು ಬರ್ತೀರಾ? ಇವರ ಮನೆಯವರು ಯಾರು?"

ಯಾರೂ ಅಲುಗಲಿಲ್ಲ. ಹೆಡ್‌ಮಿಸ್ ಒದ್ದೆ ಸೀರೆ ಹಿಂಡುತ್ತ ಮುಂದೆ ಬಂದರು. "ನಾನು ಬರ್ತೀನಿ. ಬೆಳಗ್ಗೆಯಿಂದ ಕಿಟಕಿ ಹತ್ರಾನೇ ಕೂತಿದ್ದೆ. ಆಗ್ಲೇ ಎದ್ದು ಬರ್ಬೇಕಿತ್ತು, ಮೀನು ಮೀನು ಅಂತ ಸುಮ್ನಿದ್ದೆ." ಒಳಗೆ ಹತ್ತಿ ಕುಳಿತು, ಅಳಿಯನ ಕಡೆ ಬಾಗಿದರು. "ನೀನು ಇವಳನ್ನ ಮುಳುಗಿಸಿದ್ದನ್ನ ನಾನು ನೋಡಿದೀನಿ. ತೊಲೆ ಬಿದ್ದಿದ್ದನ್ನೂ ನೋಡಿದೀನಿ. ಅದಾದ್ಮೇಲೆ ನನ್ನ ಕನ್ನಡಕ ಒದ್ದೆಯಾಯ್ತು, ಏನೂ ಕಾಣ್ಲಿಲ್ಲ. ಪೊಲೀಸರಿಗೂ ಅಷ್ಟೇ ಹೇಳ್ತೀನಿ. ಅರ್ಥ ಆಯ್ತಾ?"

ಅವನು ಕಣ್ಣು ಮುಚ್ಚಿಕೊಂಡ. ಬಾಗಿಲು ಹಾಕಿಕೊಂಡಿತು.

ಮೇಸ್ತ್ರಿ ಕೊಳದ ಅಂಚಿನ ಕಲ್ಲಿನ ಮೇಲೆ ಮಣಿಕಟ್ಟು ಹಿಡಿದು ಕುಳಿತಿದ್ದ. ಮಗಳು ತನ್ನ ಸೆರಗನ್ನು ಹರಿದು ಹಲ್ಲಿನ ಗುರುತಿನ ಮೇಲೆ ಸುತ್ತತೊಡಗಿದಳು. ಮಡಚದ ಬೆರಳು ಅಡ್ಡಬಂದು ಗಂಟು ನಿಲ್ಲಲಿಲ್ಲ. ಎರಡು ಸಲ ಬಿಚ್ಚಿ ಕಟ್ಟಬೇಕಾಯಿತು.

"ಬದುಕ್ತಾನಾ?" ಎಂದು ಮೇಸ್ತ್ರಿ ಬೀದಿಗೆಲ್ಲ ಕೇಳುವಂತೆ ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು.

ಅವನು, ಕಿವಿ ಹೋದ ಮೇಲೆ ಮೊದಲ ಸಲ ಗಂಟಲು ತಗ್ಗಿಸಿ, "ಇನ್ನು ಅವನ ಮನೆಗೆ ಹೋಗ್ಬೇಡ ಪುಟ್ಟಿ. ನಮ್ಮನೇಲೇ ಇದ್ಬಿಡು," ಎಂದ.