ಗಾಲಿ ಕಳಚಿದ ಮನೆ

"ಏನ್ರೀ ಹನುಮಂತ, ನಿಮ್ಮೂರಲ್ಲಿ ಕಂಡೋರ ಜಾಗದಲ್ಲಿ ಗುಡಿಸಲು ಹಾಕ್ಕೊಂಡ ಹಾಗೆ ಇಲ್ಲೂ ಅಂದ್ಕೊಂಡ್ರಾ? ಇದು ಹಾಲಿಡೇ ಪಾರ್ಕ್ ರೀ!"

ಚಕ್ರಪಾಣಿ ಇದನ್ನು ಹನುಮಂತನದೇ ಮನೆಯೊಳಗೆ ನಿಂತು, ಅವನ ಹೆಂಡತಿ ಕಮಲಾ ಕೊಟ್ಟ ಕಾಫಿ ಕುಡಿಯುತ್ತಲೇ ಹೇಳಿದ. ಬೆಂಗಳೂರಿನವನು, ಪಾರ್ಕನ್ನು ಹೊಸದಾಗಿ ಕೊಂಡ ಕಂಪನಿಯ ಮ್ಯಾನೇಜರ್. ಬೂಟನ್ನೂ ಬಿಚ್ಚಿರಲಿಲ್ಲ.

ಹನುಮಂತ ನೈರೋಬಿಯ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅಲ್ಲಿನ ಸೌತ್ ಸಿ ಬಡಾವಣೆಯಲ್ಲಿ ಬಾಡಿಗೆಯ ಎರಡು ಕೋಣೆ. ಇದ್ದಬದ್ದ ಉಳಿತಾಯವನ್ನೆಲ್ಲ ಸುರಿದು 2014ರಲ್ಲಿ ಊರಾಚೆಯ ಈ ಪಾರ್ಕಿನಲ್ಲಿ ಗಾಲಿಗಳ ಮೇಲಿನ ಮರದ ಮನೆ ಕೊಂಡಿದ್ದ. ಮನೆ ಇವನದು, ನೆಲ ಪಾರ್ಕಿನದು. ಆದರೂ ಭಾನುವಾರ ಇಲ್ಲಿ ಕಾಲು ಚಾಚಿ ಕೂತರೆ ಜಮೀನ್ದಾರನ ಕೊಬ್ಬು ಬರುತ್ತಿತ್ತು, ಸುಳ್ಳೇಕೆ ಹೇಳಬೇಕು. ಕಾರ್ಖಾನೆಯಲ್ಲಿ ಕಂಡಕಂಡವರಿಗೆಲ್ಲ ಫೋಟೋ ತೋರಿಸಿದ್ದೇ ತೋರಿಸಿದ್ದು.

ಎಡವಟ್ಟಾದದ್ದು ಗೃಹಪ್ರವೇಶದ ದಿನವೇ. "ಗಾಲಿ ಇರೋ ಮನೇಲಿ ಯಾವನಾರ ಹಾಲುಕ್ಕುಸ್ತಾನಾ? ಇದೇನ್ ಎತ್ತಿನ ಗಾಡಿಯಾ?" ಎಂದು ಜಾಕ್ ಕೊಟ್ಟು, ನಾಲ್ಕೂ ಗಾಲಿ ಕಳಚಿ, ಕೆಳಗೆ ಸಿಮೆಂಟ್ ಸುರಿದು, ಹೊಸ್ತಿಲು ಕೂರಿಸಿ ಅರಿಶಿನ ಹಚ್ಚಿದ್ದ ಮಹಾ ಬುದ್ಧಿವಂತ ಇವನೇ. ಆಗಿನ ಮಾಲೀಕ ಪಾಯಸ ಕುಡಿದು ಹರಸಿ ಹೋಗಿದ್ದ.

"ಲೀಸ್ ಮುಗೀತು, ನಾವು ಕಂಟಿನ್ಯೂ ಮಾಡಲ್ಲ," ಚಕ್ರಪಾಣಿ ಲೋಟ ಕೆಳಗಿಟ್ಟ. "ಗಾಲಿ ಇದ್ದಿದ್ರೆ ಎಳ್ಕೊಂಡು ಹೋಗಬಹುದಿತ್ತು. ನೆಲಕ್ಕೆ ಫಿಕ್ಸ್ ಆಗಿದ್ದು ಪಾರ್ಕಿಂದು ಅಂತ ಅಗ್ರಿಮೆಂಟಲ್ಲೇ ಇದೆ. ಫಿಕ್ಸ್ ಮಾಡಿದೋರು ನೀವೇ. ಸೋಮವಾರ ಇಲ್ಲಿಗೆ ನಮ್ಮ ಗೆಸ್ಟ್ ಬರ್ತಾರೆ, ಕೀ ಕೊಡಿ."

ಹನುಮಂತನಿಗೆ ನಗು ಬಂತು. ಗೌಡರ ಗದ್ದೆಯಲ್ಲಿ ಗೇಯುತ್ತಿದ್ದ ಅಪ್ಪ ಹೆಬ್ಬೆಟ್ಟು ಒತ್ತಿ ಒಕ್ಕಲೆದ್ದಿದ್ದ. ಮಗ ಸಮುದ್ರ ದಾಟಿ ಬಂದು, ಇಂಗ್ಲಿಷಿನಲ್ಲಿ ಸಹಿ ಹಾಕಿ ಒಕ್ಕಲೇಳುತ್ತಿದ್ದಾನೆ. ಮನೆತನ ಎಷ್ಟು ಸುಧಾರಿಸಿತು!

"ನಗ್ತೀಯಲ್ಲೋ ಮುಂಡೇದೇ!" ಕಮಲಾ ಗಂಡನಿಗೇ ಉಗಿದಳು. "ಕಂಡೋರ ನೆಲಕ್ಕೆ ಅಂಟಿಸಿ ಕೊಟ್ಯಲ್ಲೋ!" ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡದ್ದೇ ಇವನ ನಗು ನಿಂತಿತು.

ಹನುಮಂತ ಸ್ಪ್ಯಾನರ್ ಹಿಡಿದು, ಏಣಿ ಹಾಕಿ ಸೂರು ಹತ್ತಿದ.

"ಏಯ್, ಏನ್ ಮಾಡ್ತಿದೀರಿ?"

"ನೆಲಕ್ಕಂಟಿರಾದು ಸಿಮೆಂಟು ಕಣ್ಲಾ. ಅದ್ನ ನೀನೇ ಮಡೀಕ. ಸೂರು ನೆಲ ಮುಟ್ಟಿರಾದ ಎಲ್ಲಾರ ಕಂಡಿದ್ದೀಯೇನ್ಲಾ, ಬೋಳಿಮಗನೆ?"

ಚಕ್ರಪಾಣಿ ಗೇಟಿನ ಕಾವಲುಗಾರನನ್ನು ಕೂಗಿ ಕರೆದು, ಇವನನ್ನು ಇಳಿಸು ಎಂದ. ನರೆಗಡ್ಡದ ವಫೂಲಾ ಮೇಲೆ ನೋಡಿದ, ಕೆಳಗೆ ನೋಡಿದ. "ಸಿ ಕಾಜಿ ಯಾಂಗು," ನನ್ನ ಕೆಲಸವಲ್ಲ ಎಂದು ತಿರುಗಿ ನಡೆದ.

ಹಿಂದೊಮ್ಮೆ ಸೂರು ಸೋರಿದಾಗ ತಾನೇ ಬಿಗಿದಿದ್ದ ತಗಡಿನ ಬೋಲ್ಟುಗಳು ಒಂದೊಂದಾಗಿ ಸಡಿಲಿದವು. ಅಳುವೂ ಬಂತು, ಅತ್ತೇಬಿಟ್ಟ. ಮೊದಲ ತಗಡು ದಡಾರನೆ ಅಂಗಳಕ್ಕೆ ಬಿತ್ತು. ಒಳಗೆ ನಿಂತಿದ್ದ ಚಕ್ರಪಾಣಿಯ ನೆತ್ತಿಗೆ ಬಿಸಿಲು ಬಡಿಯಿತು.

"ಸೋಮಾರ ಬರೋರ್ಗೆ ಹೇಳ್ಲಾ," ಮೂಗು ಒರೆಸಿಕೊಂಡು ಹನುಮಂತ ಮೇಲಿನಿಂದ ಕೂಗಿದ, "ಛತ್ರಿ ತರ್ಲಿ."

ಆಮೇಲೆ ಎರಡನೆಯ ತಗಡಿಗೆ ಸ್ಪ್ಯಾನರ್ ಹಾಕಿದ.